ಊದುವವರೊಬ್ಬರು, ನುಡಿಸುವವರೊಬ್ಬರು

ಜನವರಿ ೧೬, ಗುರುವಾರ

ಬಸವೇಶ್ವರಿ ಈ ಡೈರಿಯನ್ನು ನನ್ನ ಮುಂದೆ ಎಸೆದು, "ಏನ ಒದರೂದೈತಿ ಇದರಾಗ ಒದರ್ರಿ, ಮನ್ಯಾಗ ಸಾಕು" ಎಂದಳು. ಇಲ್ಲಿನ ಜರ್ಮನ್ ಕಂಪನಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ. ಹೆಂಡತಿಯ ಅಪ್ಪಣೆ ಆಗಿದೆ, ಒದರುತ್ತಿದ್ದೇನೆ.

ಮಧ್ಯಾಹ್ನ ಮಗಳು ಪವಿಯ ಶಾಲೆಯಲ್ಲಿ ಮಾತುಕತೆ ಇತ್ತು. ಕ್ಲಾಸ್ ಟೀಚರ್ ಫ್ರಾವ್ (ಅಂದರೆ ಶ್ರೀಮತಿ) ಬ್ರೈಟ್‌ನರ್ ನಮ್ಮಿಬ್ಬರನ್ನೂ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಕೂರಿಸಿದರು. ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತ ಮನುಷ್ಯನಿಗೆ ಮರ್ಯಾದೆ ಎಷ್ಟು ಉಳಿದೀತು? ವಿಷಯ ಇಷ್ಟು. ಜುಲೈನಲ್ಲಿ ಮೂರನೆಯ ಕ್ಲಾಸಿನವರೆಲ್ಲ ಕ್ಲಾಸೆನ್‌ಫಾರ್ಟ್ ಎಂಬ ಶಾಲಾ ಪ್ರವಾಸಕ್ಕೆ ಹೋಗುತ್ತಾರೆ. ಕಾಡಿನ ನಡುವಿನ ಒಂದು ಮನೆಯಲ್ಲಿ ಮೂರು ದಿನ, ಅಪ್ಪ ಅಮ್ಮ ಇಲ್ಲದೆ. ಪವಿಯನ್ನು ಹಾಗೆ ಒಬ್ಬಳನ್ನೇ ಕರೆದುಕೊಂಡು ಹೋಗಲು ಅವರಿಗೆ ಧೈರ್ಯ ಇಲ್ಲವಂತೆ. ಅಕ್ಟೋಬರಿನ ಪಿಕ್‌ನಿಕ್ಕಿನಲ್ಲಿ ಅಳಿಲಿನ ಹಿಂದೆ ಓಡಿ ಮರೆಯಾದ ಅವಳನ್ನು ಹುಡುಕುತ್ತ ಇಡೀ ಕ್ಲಾಸು ಬಸ್ಸು ತಪ್ಪಿಸಿಕೊಂಡಿತ್ತಲ್ಲ, ಅದನ್ನು ಅವರು ಮರೆತಿಲ್ಲ. ಆದ್ದರಿಂದ ನಮ್ಮಲ್ಲೊಬ್ಬರು ಜೊತೆಗೆ ಬರಬೇಕು. ಇಲ್ಲವೆ ಆ ಮೂರು ದಿನ ಪವಿ ಎರಡನೆಯ ಕ್ಲಾಸಿನಲ್ಲಿ ಕೂರಬೇಕು.

ಎರಡನೆಯ ಕ್ಲಾಸಿನಲ್ಲಿ! ಒಂಬತ್ತು ವರ್ಷದ ನನ್ನ ಮಗಳು, ಚಿಕ್ಕ ಮಕ್ಕಳ ನಡುವೆ!

ಟೀಚರ್ ಮುಂದೆ ತಲೆ ಅಲ್ಲಾಡಿಸಿದೆ. ಕಾರಿನಲ್ಲಿ ಒದರಿದೆ. ಮನೆಗೆ ಬಂದು ಪವಿಯ ಮೇಲೂ ಒದರಿದೆ. ಅವಳು ಸೋಫಾದ ಹಿಂದೆ ಹೋಗಿ ಕೂತಳು. ಆಮೇಲೆ ಅಮ್ಮನ ಹತ್ತಿರ ಬಂದು ಕೇಳಿದ್ದು ಒಂದೇ ಮಾತು: "ಮಮ್ಮಾ, ಮೀಲಾ ಯಾರ ಜೋಡಿ ಮಲಗ್ತಾಳ?" ಮೀಲಾ ಅವಳ ಒಬ್ಬಳೇ ಒಬ್ಬ ಗೆಳತಿ. ಮಹಡಿ ಮಂಚದಲ್ಲಿ ಮೇಲೆ ಪವಿ, ಕೆಳಗೆ ಮೀಲಾ ಎಂದು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರಂತೆ.

ಎಡಿಎಚ್‌ಡಿ ಎಂದು ಮಕ್ಕಳ ಡಾಕ್ಟರು ಕಳೆದ ವರ್ಷವೇ ಹೇಳಿದ್ದಾರೆ. ಗಮನ ನಿಲ್ಲದು, ಮೈ ನಿಲ್ಲದು, ಕಾಯುವುದು ಆಗದು. ಔಷಧಿಯ ವಿಚಾರ ಬೇಸಿಗೆ ಕಳೆದ ಮೇಲೆ ನೋಡೋಣ, ಅಷ್ಟರೊಳಗೆ ಪಕ್ಕದ ಊರಾದ ಎರ್ಲಾಂಗನ್‌ನಲ್ಲಿ ಸಂಗೀತ ಮತ್ತು ಉಸಿರಾಟದ ಒಂದು ಗುಂಪು ಇದೆ, ಅಪ್ಪನೋ ಅಮ್ಮನೋ ಜೊತೆಗೆ ಕೂರಬೇಕು ಎಂದಿದ್ದರು. ಚೀಟಿ ಫ್ರಿಜ್ಜಿನ ಮೇಲೆಯೇ ಇತ್ತು. ಇಂದು ಫೋನು ಮಾಡಿದೆ. ಮಂಗಳವಾರ ಸಂಜೆ ಬಸವೇಶ್ವರಿಗೆ ಆಫೀಸಿನ ಮೀಟಿಂಗು. ಹಾಗಾಗಿ ಕೂರುವವನು ನಾನೇ.


ಜನವರಿ ೨೮, ಮಂಗಳವಾರ

ಮೊದಲ ದಿನ. ನಡೆಸುವವರು ಫ್ರಾವ್ ಓಟ್ ಎಂಬಾಕೆ. ಬೆಳ್ಳಿ ಕೂದಲು, ಬಣ್ಣಬಣ್ಣದ ಕಾಲುಚೀಲ. ನಾಲ್ಕು ಮಕ್ಕಳು, ನಾಲ್ಕು ದೊಡ್ಡವರು, ಎಲ್ಲರೂ ನೆಲದ ಮೇಲೆ. ಉಸಿರು ಒಳಗೆ, ಉಸಿರು ಹೊರಗೆ. ಇದನ್ನು ಕಲಿಸಲು ನಮ್ಮವರು ಜಗತ್ತಿಗೆಲ್ಲ ಗುರುಗಳನ್ನು ಕಳಿಸಿದರು, ಈಗ ಜಮಖಂಡಿಯ ನಾನು ಕಾರು ಓಡಿಸಿಕೊಂಡು ಬಂದು ಜರ್ಮನ್ ಭಾಷೆಯಲ್ಲಿ ಕಲಿಯಬೇಕು. ಅವ್ವನಿಗೆ ಹೇಳಿದರೆ ನಗುತ್ತಾಳೆ.

ಆಮೇಲೆ ಮೆಲೋಡಿಕಾ ಕೊಟ್ಟರು. ನಮ್ಮ ಕಡೆ ಭಜನೆಯಲ್ಲಿ ಬಾರಿಸುವ ಪೇಟಿಯ, ಅಂದರೆ ಹಾರ್ಮೋನಿಯಂನ, ಮರಿ ಅನ್ನಬಹುದು. ತೊಡೆಯ ಮೇಲೆ ಹಿಡಿಸುವಷ್ಟು ಚಿಕ್ಕದು, ಬೆರಳಿಂದ ಒತ್ತುವ ಮನೆಗಳು ಮಾತ್ರ ಅವೇ ಕಪ್ಪು ಬಿಳಿ. ತಿದಿಯ ಬದಲು ಒಂದು ಉದ್ದ ಕೊಳವೆ, ಅದನ್ನು ಬಾಯಲ್ಲಿಟ್ಟು ಊದಬೇಕು. ಫ್ರಾವ್ ಓಟ್ ಅವರ ಪದ್ಧತಿ ಏನೆಂದರೆ, ಊದುವವರೊಬ್ಬರು, ನುಡಿಸುವವರೊಬ್ಬರು. ದೊಡ್ಡವರು ಗಾಳಿ ಕೊಡಬೇಕು, ಮಕ್ಕಳು ಬೆರಳು ಆಡಿಸಬೇಕು. ಮಕ್ಕಳಿಗೆ ಎಷ್ಟು ಬೇಕೋ ಅಷ್ಟೇ ಗಾಳಿ.

ನಾನು ಊದಿದೆ. ಕಂಪನಿಯಲ್ಲಿ ಯಂತ್ರದ ಬೇರಿಂಗ್ ಕೆಟ್ಟಾಗ ಬರುವ ಸದ್ದು ಬಂತು. ಪವಿ ಎರಡೂ ಕಿವಿ ಮುಚ್ಚಿಕೊಂಡು, "ಪಪ್ಪಾ, ನಿಷ್ಟ್ ಸೋ ಫೆಸ್ಟ್!" ಎಂದು ಚೀರಿದಳು. ಇಷ್ಟು ಜೋರು ಬೇಡ ಅಂತ. ಪಕ್ಕದಲ್ಲಿದ್ದ ಬೇಕರಿಯವ ತನ್ನ ಮಗನಿಗೆ ಹೂವಿನಂಥ ಸ್ವರ ಊದಿಕೊಡುತ್ತಿದ್ದ. ಬೆಳಗ್ಗೆಯಿಂದ ಹಿಟ್ಟು ನಾದುವವನಿಗೆ ಶ್ವಾಸಕೋಶ ಚೆನ್ನಾಗಿರುತ್ತದೆ, ಅದರಲ್ಲಿ ಏನು ಹೆಚ್ಚುಗಾರಿಕೆ.

ಪವಿ ಕಾಲು ಗಂಟೆಯಲ್ಲಿ ಎದ್ದು ಕಿಟಕಿಗೆ ಹೋದಳು. ಮುಂದಿನ ವಾರದೊಳಗೆ ಇದನ್ನು ಸರಿ ಮಾಡುತ್ತೇನೆ.


ಫೆಬ್ರವರಿ ೪

ಮನೆಗೆಂದು ತರಿಸಿದ ಮೆಲೋಡಿಕಾ ಬಂತು, ನೀಲಿ ಬಣ್ಣದ್ದು. ಟೈಮ್‌ಟೇಬಲ್ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ. ಬೆಳಗ್ಗೆ ಶಾಲೆಗೆ ಮೊದಲು ಉಸಿರಾಟ, ಸಂಜೆ ಹೋಮ್‌ವರ್ಕ್ ಆದ ಮೇಲೆ ಮೆಲೋಡಿಕಾ. ಗುಂಪಿನಲ್ಲಿ ಬೇರೆ ಯಾರೂ ಮನೆಯಲ್ಲಿ ಅಭ್ಯಾಸ ಮಾಡುತ್ತಿಲ್ಲ, ಕೇಳಿಕೊಂಡು ಬಂದಿದ್ದೇನೆ. ಈಸ್ಟರ್ ಹೊತ್ತಿಗೆ ಪವಿ ಎಲ್ಲರಿಗಿಂತ ಮುಂದೆ ಇರುತ್ತಾಳೆ.


ಫೆಬ್ರವರಿ ೧೩

ಟೈಮ್‌ಟೇಬಲ್ ಕಸದ ಬುಟ್ಟಿಯಲ್ಲಿದೆ. ಹರಿದವಳು ಪವಿ ಅಲ್ಲ, ಅವಳ ಅಮ್ಮ.

"ಉಸರಾಡೂದಕ್ಕೂ ಟ್ಯೂಷನ್ ಏನ್ರಿ?" ಎಂದಳು. "ನಿನ್ನೆ ಹುಡುಗಿ ನಿದ್ದಿಗಣ್ಣಾಗ 'ನಾ ಉಸರ ತಗೊಂಡೇನಿ, ಪಪ್ಪಾಗ ಹೇಳು' ಅಂತು."

ನಾನು ನನ್ನ ವಾದ ಹೇಳಿದೆ. ಗುಂಪಿಗೆ ಸೇರಿ ಸುಮ್ಮನೆ ಕೂತರೆ ಜುಲೈ ಹೊತ್ತಿಗೆ ಏನಾಗುತ್ತದೆ? ಎರಡನೆಯ ಕ್ಲಾಸು. ಅವಳು ಬಾಗಿಲು ಹಾಕಿಕೊಂಡಳು.

ಮೊನ್ನೆ ಫ್ರಾವ್ ಓಟ್ ಅವರದೂ ಅದೇ ರಾಗ. ಪವಿ ತಾನಾಗಿ ಕೇಳಿದರೆ ಮಾತ್ರ ಮೆಲೋಡಿಕಾ ತೆಗೆಯಿರಿ, ಇಲ್ಲವಾದರೆ ಕಪಾಟಿನಲ್ಲಿರಲಿ ಎಂದರು. ಇದು ರೋಗ ವಾಸಿ ಮಾಡುವ ಮಂತ್ರವಲ್ಲ ಹೆರ್ ಉದಯಕುಮಾರ್, ನಿಮ್ಮಿಬ್ಬರಿಗೂ ಒಂದು ಕೂರುವ ಜಾಗ ಅಷ್ಟೆ, ಎಂದೂ ಸೇರಿಸಿದರು. ಕೂರುವ ಜಾಗವೇ ಬೇಕಿದ್ದರೆ ನಮ್ಮ ಮನೆಯಲ್ಲಿ ಸೋಫಾ ಇರಲಿಲ್ಲವೇ?

ಅವ್ವನಿಗೆ ಫೋನು ಮಾಡಿ ದೂರಿದೆ. ನಮ್ಮವ್ವ ಗೌರಕ್ಕ ಮಗನ ಪಕ್ಷ ವಹಿಸುವ ಪೈಕಿ ಅಲ್ಲ. "ಸಣ್ಣಾಂವ ಇದ್ದಾಗ ನೀನೇನ ಕಂಬದಂಗ ನಿಂತಿದ್ದೇನ? ನಿನ್ನ ಹಿಡಿಯೂದರಾಗ ನನ್ನ ಸೀರಿ ಸೆರಗ ಹರದ ಹೋಗ್ಯಾವು" ಎಂದು ಫೋನು ಇಟ್ಟಳು.


ಮಾರ್ಚ್ ೨, ಭಾನುವಾರ

ಇಂದು ಬರೆಯಲೇಬೇಕು.

ಬೆಳಗ್ಗೆ ಬಸವೇಶ್ವರಿ ಒಗೆಯಲು ಬಟ್ಟೆ ಹಾಕಿದಳು. ಪವಿ ಎಂದಿನಂತೆ ವಾಷಿಂಗ್ ಮಷಿನ್ನಿನ ಮುಂದೆ ನೆಲದ ಮೇಲೆ ಕೂತಳು. ಊಟದ ಮೇಜಿನ ಮುಂದೆ ಕೂರದ ಹುಡುಗಿ, ಆ ಗಾಜಿನ ಬಾಗಿಲಿನ ಮುಂದೆ ಮಾತ್ರ ಎಷ್ಟು ಹೊತ್ತು ಬೇಕಾದರೂ ಕೂರುತ್ತಾಳೆ. ಇದ್ದಕ್ಕಿದ್ದಂತೆ ಬಂದು ಕಪಾಟು ತೆರೆದು ನೀಲಿ ಮೆಲೋಡಿಕಾ ತೆಗೆದಳು. ಕೊಳವೆಯನ್ನು ನನ್ನ ಕೈಗಿಟ್ಟು, "ಪಪ್ಪಾ, ಊದು. ಮೆಲ್ಲಕ" ಎಂದಳು.

ನಾನು ಪೇಪರ್ ಓದುತ್ತಿದ್ದೆ. ಪೇಪರ್ ಬಿಡದೆಯೇ ಊದಿದೆ. ಬಹುಶಃ ಅದಕ್ಕೇ ಮೆಲ್ಲಗೆ ಬಂತು. ಅವಳು ಮಷಿನ್ ಕಡೆ ನೋಡುತ್ತ ಮೂರು ಮನೆ ಒತ್ತಿದಳು, ತಿರುಗಿ ಅವೇ ಮೂರು. ನೀರು ತುಂಬುವುದು, ಬಟ್ಟೆ ಹೊರಳುವುದು, ಆಮೇಲೆ ಗಿರಗಿರನೆ ತಿರುಗುವುದು, ಎಲ್ಲ ಆ ಬೆರಳುಗಳಲ್ಲಿ ಬಂತು. ಕೊನೆಗೆ ಮಷಿನ್ ನಿಂತಾಗ ಬರುವ ಕೂಗು ಇದೆಯಲ್ಲ, ಅದಕ್ಕೆ ಒಂದೇ ಉದ್ದನೆಯ ಸ್ವರ. ಆ ಸ್ವರ ಮುಗಿಯುವವರೆಗೆ ಬೆರಳು ಎತ್ತಲಿಲ್ಲ. ನನ್ನ ಉಸಿರು ಮುಗಿಯುತ್ತಿದ್ದುದರಿಂದ ಸ್ವರವೂ ಸಣ್ಣಗಾಗುತ್ತ ಹೋಗಿ ನಿಂತಿತು.

"ಫೆರ್ಟಿಷ್" ಎಂದಳು. ಮುಗಿಯಿತು ಅಂತ.

ಅಡುಗೆಮನೆಯಿಂದ ಬಸವೇಶ್ವರಿ ಕೈಯಲ್ಲಿ ಜೋಳದ ಹಿಟ್ಟು ಮೆತ್ತಿಕೊಂಡೇ ಬಂದು ನಿಂತಿದ್ದಳು. ಇನ್ನೊಮ್ಮೆ ಮಾಡಿದೆವು. ಮತ್ತೊಮ್ಮೆ. ರೊಟ್ಟಿ ಆರಿ ಹಪ್ಪಳವಾಯಿತು, ಯಾರೂ ಕೇಳಲಿಲ್ಲ. ನನ್ನ ಮಗಳು ಒಂದು ಹಾಡು ಕಟ್ಟಿದ್ದಾಳೆ. ನನಗೆ ಎಷ್ಟು ಖುಷಿಯಾಗಿದೆ ಎಂದರೆ ಗೆಳೆಯ ಸುನಿಲಕುಮಾರನಿಗೆ ಫೋನು ಮಾಡಿ ಹೇಳಿದೆ. ಅವನು, "ಲೇ ದೋಸ್ತ, ಉಳಿದವರ ಮಕ್ಕಳು ಪಿಯಾನೋ ಕಲೀತಾವು, ನಿನ್ನ ಮಗಳು ಅರಿವಿ ಒಗಿಯೂ ರಾಗ ಕಟ್ಟ್ಯಾಳ ನೋಡು!" ಎಂದು ನಕ್ಕ. ನಾನೂ ನಕ್ಕೆ.


ಮಾರ್ಚ್ ೧೮

ಸುನಿಲ ಬಾಯಿ ಬಿಟ್ಟಿದ್ದಾನೆ. ಇಲ್ಲಿನ ಕನ್ನಡ ಕೂಟದ ಕಾರ್ಯದರ್ಶಿ ದ್ವಾರಕನಾಥರ ಫೋನು ಬಂತು. "ಯುಗಾದಿ ಪ್ರೋಗ್ರಾಂಗೆ ನಿಮ್ಮ ಮಗಳದ್ದೊಂದು ಐಟಂ ಹಾಕ್ಕೋತೀನಿ ಸಾರ್. ಅಪ್ಪ ಮಗಳು ಇಬ್ರೂ ಸೇರಿ ಒಂದೇ ವಾದ್ಯ ನುಡಿಸ್ತೀರಂತಲ್ಲ, ಜನಕ್ಕೆ ತುಂಬಾ ಇಷ್ಟ ಆಗತ್ತೆ" ಎಂದರು.

ಬಸವೇಶ್ವರಿ ಬೇಡ ಎಂದಳು. ಪವಿಯನ್ನು ಕೇಳಿದೆ. ಅವಳು ಟ್ರ್ಯಾಂಪೊಲೀನ್ ಮೇಲೆ ಕುಣಿಯುತ್ತ "ಓಕೇ" ಎಂದಳು. ಕೇಳಿದ್ದೇನೆ, ಒಪ್ಪಿದ್ದಾಳೆ, ಇನ್ನೇನು? ಗಾಳಿ ಬಂದಾಗ ತೂರಿಕೊಳ್ಳಬೇಕು. ಪ್ರತಿ ವರ್ಷ ಆ ಸಭೆಯಲ್ಲಿ ಉಳಿದವರ ಮಕ್ಕಳು ಶ್ಲೋಕ ಹೇಳುತ್ತವೆ, ಭರತನಾಟ್ಯ ಮಾಡುತ್ತವೆ, ನಾವು ಹಿಂದಿನ ಸಾಲಿನಲ್ಲಿ ಪವಿಯನ್ನು ಹಿಡಿದುಕೊಂಡು ಕೂರುತ್ತೇವೆ. ಈ ಸಲ ವೇದಿಕೆಯ ಮೇಲೆ ಅವಳಿರುತ್ತಾಳೆ. ವಿಡಿಯೋ ಮಾಡಿ ಫ್ರಾವ್ ಬ್ರೈಟ್‌ನರ್ ಅವರಿಗೂ ತೋರಿಸಬೇಕು.


ಏಪ್ರಿಲ್ ೫, ಶನಿವಾರ

ಬೇವು ತಿಂದದ್ದಾಯಿತು, ಬೆಲ್ಲ ಸಿಗಲಿಲ್ಲ.

ಚರ್ಚಿನವರ ಸಮುದಾಯ ಭವನ ತುಂಬಿತ್ತು. ದ್ವಾರಕನಾಥರು ಮೈಕಿನಲ್ಲಿ, "ಈಗ ಪುಟಾಣಿ ಪವಿ ಮತ್ತು ಅವರ ತಂದೆಯವರಿಂದ ಮೆಲೋಡಿಕಾ ವಾದನ, ಜೋರಾಗಿ ಚಪ್ಪಾಳೆ ಬರ್ಲಿ!" ಎಂದರು. ಚಪ್ಪಾಳೆ ಬಂತು. ಪವಿ ರೇಷ್ಮೆ ಲಂಗ ಹಾಕಿಕೊಂಡು ಕೂತು ಚೆನ್ನಾಗಿಯೇ ಶುರು ಮಾಡಿದಳು. ನೀರು ತುಂಬಿತು, ಬಟ್ಟೆ ಹೊರಳಿತು. ಅಷ್ಟರಲ್ಲಿ ಕೆಳಗೆ ಯಾವುದೋ ಮಗು ಬಲೂನು ಒಡೆಯಿತು. ಪವಿ ಬೆರಳು ಎತ್ತಿ ಆ ಕಡೆ ನೋಡಿದಳು. ನೋಡುತ್ತಲೇ ಇದ್ದಳು.

ಮುಂದಿನ ಸಾಲಿನಲ್ಲಿ ಎಲ್ಲರೂ ಫೋನು ಹಿಡಿದಿದ್ದರು. ನಾನು ಕೊಳವೆ ಕಚ್ಚಿಕೊಂಡೇ "ಬಾರ್ಸು, ಬಾರ್ಸು" ಎಂದೆ. ಅವಳು ಬೆರಳು ಇಟ್ಟಳು, ನಾನು ಊದಿದೆ. ಮೈಕು ಹತ್ತಿರವೇ ಇತ್ತು. ಇಡೀ ಭವನ ಕಿವಿ ಮುಚ್ಚಿಕೊಳ್ಳುವಂಥ ಚೀತ್ಕಾರ. ಜನ ನಕ್ಕರು. ಕೆಟ್ಟ ನಗೆಯಲ್ಲ, ಮಕ್ಕಳ ಕಾರ್ಯಕ್ರಮದಲ್ಲಿ ನಗುವ ನಗೆ. ಪವಿ ಕೊಳವೆಯನ್ನು ನನ್ನ ಬಾಯಿಂದ ಕಿತ್ತು ಎಸೆದು, ಮೆಟ್ಟಿಲಿಳಿದು ಓಡಿ, ಪುಳಿಯೋಗರೆ ಪಾತ್ರೆಗಳಿದ್ದ ಮೇಜಿನ ಕೆಳಗೆ ಸೇರಿಕೊಂಡಳು.

ನಾನು ಹಿಂದೆಯೇ ಹೋದೆ. ಎಲ್ಲರ ಮುಂದೆ ಬಗ್ಗಿ ಮೇಜುಬಟ್ಟೆ ಎತ್ತಿ, "ಮಾನ ಮರ್ಯಾದಿ ಎಲ್ಲಾ ತಗದಿ! ಒಂದ ನಿಮಿಷ ಕುಂದ್ರಾಕ ಬರೂದಿಲ್ಲೇನ ನಿನಗ?" ಎಂದು ಒದರಿದೆ. ದ್ವಾರಕನಾಥರು ನನ್ನ ಭುಜ ಹಿಡಿದು, "ಪರವಾಗಿಲ್ಲ ಬಿಡಿ ಸಾರ್, ಮಗು ಅಲ್ವಾ" ಎಂದರು. ಊಟಕ್ಕೆ ಎಲೆ ಹಾಕಿದಾಗಲೂ ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ನಾವು ಊಟ ಮಾಡದೆ ಬಂದೆವು.


ಏಪ್ರಿಲ್ ೬

ಪವಿ ನನ್ನೊಡನೆ ಮಾತಾಡುತ್ತಿಲ್ಲ. ಅವಳಮ್ಮನೂ.


ಏಪ್ರಿಲ್ ೮, ಮಂಗಳವಾರ

ಎರ್ಲಾಂಗನ್‌ಗೆ ಹೋಗುವುದೇ ಬೇಡ ಎಂದಿದ್ದೆ. ಬಸವೇಶ್ವರಿ ಕಾರಿನ ಕೀಲಿ ಕೈಗೆ ಕೊಟ್ಟು ಬಾಗಿಲ ಹೊರಗೆ ನಿಲ್ಲಿಸಿದಳು. ಪವಿ ಹಿಂದಿನ ಸೀಟಿನಲ್ಲಿ ಹೋಗುವಾಗ ಒಂದು ಮಾತೂ ಇಲ್ಲ. ಬಾಯಿ ಮುಚ್ಚು ಎಂದು ದಿನಕ್ಕೆ ಹತ್ತು ಸಲ ಹೇಳಿಸಿಕೊಳ್ಳುವ ಹುಡುಗಿ.

ಅಲ್ಲಿ ಹೋದೊಡನೆ ಅವಳು ಮೇಜಿನ ಕೆಳಗೆ ಹೋದಳು. ಫ್ರಾವ್ ಓಟ್ ಅವರು ಕರೆಯಲಿಲ್ಲ, ತಾವೂ ಮೇಜಿನ ಪಕ್ಕ ನೆಲದ ಮೇಲೆ ಮಲಗಿದರು. ನನಗೂ ಮಲಗಲು ಸನ್ನೆ ಮಾಡಿದರು. ಟೈ ಕಟ್ಟಿದವನು ಮಲಗಿದೆ. ಎಷ್ಟೋ ಹೊತ್ತಿನ ಮೇಲೆ, ಶನಿವಾರ ಏನಾಯಿತು ಪವಿ ಎಂದು ಅವರು ಕೇಳಿದರು, ಬಸವೇಶ್ವರಿ ಮೊದಲೇ ಫೋನು ಮಾಡಿದ್ದಳಂತೆ.

ಅವಳು ಜರ್ಮನ್‌ನಲ್ಲಿ ಹೇಳಿದ್ದನ್ನು ಹಾಗೆಯೇ ಇಲ್ಲಿ ಬರೆಯುತ್ತೇನೆ. "ಪಪ್ಪನ ಶರ್ಟು ನಿಂತುಹೋಯಿತು."

ಹಾಗಂದರೆ ಏನು ಎಂದು ಅವರು ಕೇಳಿದರು.

"ಪಪ್ಪನ ಶರ್ಟು ಯಾವಾಗಲೂ ಮೇಲೆ ಕೆಳಗೆ ಹೋಗುತ್ತಿರುತ್ತದೆ. ಗುಂಡಿ ನೋಡಿದರೆ ಗೊತ್ತಾಗುತ್ತದೆ. ಕೂಗುವುದಕ್ಕೆ ಮೊದಲು ಅದು ನಿಲ್ಲುತ್ತದೆ. ಅದಕ್ಕೇ ನಾನು ಗುಂಡಿ ನೋಡುತ್ತೇನೆ. ನಿಂತರೆ ಓಡುತ್ತೇನೆ."

ಬೇರಿಂಗ್ ಕೆಡುವುದಕ್ಕೆ ಮುಂಚೆ ಸದ್ದಿನಲ್ಲಿ ಕಂಡುಹಿಡಿಯುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ನನ್ನ ಮಗಳು ಸಂಬಳವಿಲ್ಲದೆ ಅದೇ ಕೆಲಸ ಮಾಡುತ್ತಿದ್ದಾಳೆ, ಯಾವಾಗಿನಿಂದಲೋ. ಗಮನ ನಿಲ್ಲುವುದಿಲ್ಲ ಅಂತ ಎಲ್ಲರೂ ಬರೆದುಕೊಟ್ಟ ಹುಡುಗಿ, ನನ್ನ ಎದೆಯ ಮೇಲಿನ ಒಂದು ಗುಂಡಿಯನ್ನು ಇಷ್ಟು ದಿನ ಗಮನವಿಟ್ಟು ನೋಡಿದ್ದಾಳೆ.

ನಾನು ಅತ್ತೆ. ಬೇಕರಿಯವನ ಮುಂದೆಯೇ. ಅವನು ಎದ್ದು ಕಾಗದದ ಕರವಸ್ತ್ರ ತಂದುಕೊಟ್ಟ. ಅವನ ವಿಷಯದಲ್ಲಿ ನಾನು ಜನವರಿಯಲ್ಲಿ ಬರೆದದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಹೊರಡುವಾಗ ಫ್ರಾವ್ ಓಟ್ ಒಂದೇ ಮಾತು ಹೇಳಿದರು. ಈಸ್ಟರ್ ರಜೆ ಮುಗಿದ ಮೇಲೆ ಅದಲುಬದಲು ಮಾಡೋಣ. ಪವಿ ಊದಲಿ, ನೀವು ನುಡಿಸಿ.


ಏಪ್ರಿಲ್ ೨೯

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಮೆಲೋಡಿಕಾದ ಮನೆಗಳು ಬಹಳ ಕಿರಿದು ಎಂದೆ.

ನನ್ನ ಬೆರಳುಗಳಿಗೆ ಸಂಗೀತ ಬರುವುದಿಲ್ಲ. ವಾಷಿಂಗ್ ಮಷಿನ್ನಿನ ಮೊದಲ ಮೂರು ಸ್ವರವೇ ಬರಲಿಲ್ಲ. ಒಂದನ್ನು ಹುಡುಕಿ ಒತ್ತುವಷ್ಟರಲ್ಲಿ ಇನ್ನೊಂದು ತಪ್ಪುತ್ತಿತ್ತು. ಪವಿ ಕೊಳವೆ ಬಾಯಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಕೆನ್ನೆ ಉಬ್ಬಿಸಿ, ಕಣ್ಣು ನನ್ನ ಬೆರಳ ಮೇಲೆ. ನಾನು ತಪ್ಪಿದಾಗ ಕೊಳವೆ ತೆಗೆದು, "ಅಲ್ಲಲ್ಲ, ಕಪ್ಪಿನ ಬಾಜೂಕಿಂದು. ನೋಖ್ ಮಾಲ್" ಎನ್ನುತ್ತಿದ್ದಳು. ಇನ್ನೊಮ್ಮೆ ಅಂತ. ನಾನು ಇನ್ನೊಮ್ಮೆ ತಪ್ಪುತ್ತಿದ್ದೆ. ಅವಳು ಸಿಡುಕಲಿಲ್ಲ. ಒಂದು ಸಲ ಕಿಟಕಿಗೆ ಹೋದಳು, ಹೊರಗೆ ನೋಡಿದಳು, ತಿರುಗಿ ಬಂದು ಕೊಳವೆ ಕಚ್ಚಿಕೊಂಡಳು.

ಇಷ್ಟು ದಡ್ಡನಾಗಿ ನಾಲ್ಕು ಜನರ ನಡುವೆ ಕೂತದ್ದು ನನಗೆ ನೆನಪಿಲ್ಲ. ನಾಚಿಕೆಯಾಯಿತು. ಸಿಟ್ಟೂ ಬಂತು, ಆದರೆ ಯಾರ ಮೇಲೆ ತೋರಿಸಬೇಕು? ಗಾಳಿ ಅವಳದು, ತಪ್ಪು ನನ್ನದು.

ವಾಪಸ್ ಬರುವಾಗ ಕಾರಿನಲ್ಲಿ ಪವಿ ಬಾಯಿ ಮುಚ್ಚಲಿಲ್ಲ. ಮನೆ ಮುಟ್ಟಿದೊಡನೆ ಅಮ್ಮನ ಹತ್ತಿರ ಓಡಿ ಹೋಗಿ, "ಮಮ್ಮಾ, ಪಪ್ಪಾಗ ಏನೂ ಬರೂದಿಲ್ಲ! ನಾ ಕಲಸಾಕತ್ತೀನಿ!" ಎಂದಳು. ಬಸವೇಶ್ವರಿ ಎಷ್ಟೋ ದಿನಗಳ ನಂತರ ನನ್ನ ಮುಖ ನೋಡಿ ನಕ್ಕಳು.


ಮೇ ೨೦

ಮೂರು ಸ್ವರ ಬಂತು. ಗಿರಗಿರ ತಿರುಗುವುದು ಇನ್ನೂ ಬಂದಿಲ್ಲ. ಬೆಳಗ್ಗೆ ಪವಿ ಹಾಲಿನ ಲೋಟವನ್ನು ನನ್ನ ಲ್ಯಾಪ್‌ಟಾಪ್ ಪಕ್ಕ ಚೆಲ್ಲಿದಳು. ಒರೆಸಿದೆವು. ಲ್ಯಾಪ್‌ಟಾಪ್ ಬದುಕಿದೆ. ಬರೆಯುವಂಥ ವಿಶೇಷ ಬೇರೆ ಏನೂ ಇಲ್ಲ.


ಜೂನ್ ೨೪

ಇಂದು ಗಿರಗಿರ ಬಂತು. ಪವಿ "ಯಾ!" ಎಂದು ಕೂಗಿ ನನ್ನ ಬೆನ್ನಿಗೆ ಗುದ್ದಿದಳು, ಇನ್ನೂ ನೋಯುತ್ತಿದೆ.

ಶಾಲೆಯಲ್ಲಿ ಮತ್ತೆ ಆ ಪುಟ್ಟ ಕುರ್ಚಿ. ಫ್ರಾವ್ ಬ್ರೈಟ್‌ನರ್ ಹೇಳಿದ್ದು ಹೀಗೆ. ಈಚೆಗೆ ಪವಿ ಸಿಟ್ಟು ಬಂದಾಗ ಓಡುವುದಿಲ್ಲ, ಬಾಗಿಲ ಹತ್ತಿರ ಹೋಗಿ ನಿಂತು ಉದ್ದಕ್ಕೆ ಉಸಿರು ಬಿಟ್ಟು ವಾಪಸ್ ಬರುತ್ತಾಳೆ. ಪ್ರತಿ ಸಲ ಅಲ್ಲ. ಕಳೆದ ವಾರ ಕತ್ತರಿ ಎಸೆದಿದ್ದಾಳೆ. ಆದರೂ ಬದಲಾವಣೆ ಇದೆ. ಹಾಗಿದ್ದರೂ ಕಾಡಿನ ಮನೆಗೆ ನಮ್ಮಲ್ಲೊಬ್ಬರು ಬಂದರೆ ತಮಗೆ ನೆಮ್ಮದಿ ಎಂದರು.

ನಾನು ಬರುತ್ತೇನೆ ಎಂದೆ. ಆಫೀಸಿನಲ್ಲಿ ರಜೆ ಬರೆದಾಗಿದೆ. ಎರಡನೆಯ ಕ್ಲಾಸಿಗಿಂತ ಇದು ಎಷ್ಟೋ ಮೇಲು. ಮೀಲಾಳ ಮಂಚವೂ ಉಳಿಯುತ್ತದೆ, ನನ್ನ ಕಣ್ಣೂ ಇರುತ್ತದೆ.

ಪವಿಗೆ ಹೇಳಿದಾಗ ಅವಳು ಹೋಗಿ ವಾಷಿಂಗ್ ಮಷಿನ್ನಿನ ಮುಂದೆ ಕೂತಳು. ಖುಷಿಯಾಗಿರಬೇಕು.


ಜುಲೈ ೭, ಸೋಮವಾರ

ಬೆಳಗ್ಗೆ ಶಾಲೆಯ ಮುಂದೆ ಬಸ್ಸು ನಿಂತಿತ್ತು. ಪವಿಯದೊಂದು ಬ್ಯಾಗು, ನನ್ನದೊಂದು. ನನ್ನ ಒಳ್ಳೆಯ ಟಾರ್ಚನ್ನು ಅವಳ ಬ್ಯಾಗಿನಲ್ಲಿಟ್ಟಿದ್ದೆ. ಊರಿನಿಂದ ಬರುವಾಗ ಅಪ್ಪ ಕೊಡಿಸಿದ್ದು, ನಾನು ಯಾರಿಗೂ ಕೊಡುವುದಿಲ್ಲ. ಬಸವೇಶ್ವರಿ ಇಬ್ಬರಿಗೂ ಚಪಾತಿ ಸುತ್ತಿಕೊಟ್ಟಿದ್ದಳು.

ನಾನು ಬ್ಯಾಗನ್ನು ಬಸ್ಸಿನ ಹೊಟ್ಟೆಗೆ ಹಾಕಲು ಬಗ್ಗಿದಾಗ ಪವಿ ನನ್ನ ಬ್ಯಾಗಿನ ಪಟ್ಟಿ ಹಿಡಿದುಕೊಂಡಳು.

"ಪಪ್ಪಾ, ನೀ ಬರಬ್ಯಾಡ."

"ಯಾಕವ್ವ? ಫ್ರಾವ್ ಬ್ರೈಟ್‌ನರ್ ಹೇಳ್ಯಾರಲ್ಲ."

"ನಾ ಕೇಳೀನಿ ಅವರನ್ನ. ಶುಕ್ರವಾರ. ನಾನ ಕೇಳೀನಿ."

ಫ್ರಾವ್ ಬ್ರೈಟ್‌ನರ್ ಹತ್ತಿರವೇ ನಿಂತಿದ್ದರು. ಹೌದು, ಶುಕ್ರವಾರ ಎಲ್ಲರೂ ಹೋದ ಮೇಲೆ ಪವಿ ಒಬ್ಬಳೇ ತಮ್ಮ ಮೇಜಿನ ಹತ್ತಿರ ಬಂದಳು ಎಂದರು. "ಪಪ್ಪ ಬಂದರೆ ನಾನು ಪಪ್ಪನನ್ನೇ ನೋಡುತ್ತಿರುತ್ತೇನೆ, ಮೀಲಾಳನ್ನು ನೋಡುವುದಿಲ್ಲ" ಎಂದಳಂತೆ. ಅದು ತಮಗೆ ಸರಿ ಅನ್ನಿಸಿತು, ಆದರೆ ಪಪ್ಪನಿಗೆ ತಾನೇ ಹೇಳುತ್ತೇನೆ ಎಂದು ಪವಿ ಹಟ ಹಿಡಿದಳು ಎಂದರು. ಅಗತ್ಯ ಬಿದ್ದರೆ ಫೋನು ಮಾಡುತ್ತೇವೆ, ಕಾರಿನಲ್ಲಿ ಬನ್ನಿ, ಬಹಳ ದೂರವೇನಲ್ಲ. ಆದರೆ ನಿರ್ಧಾರ ನಿಮ್ಮದು ಎಂದರು.

ಬಾಯಿಗೆ ಎಷ್ಟು ಮಾತು ಬಂತು. ರಜೆ ಹಾಕಿದ್ದೇನೆ, ಮೂರು ದಿನ ಕಾಡು, ಅಳಿಲು, ಹಳ್ಳ, ರಾತ್ರಿ. ಪವಿ ನನ್ನನ್ನು ನೋಡುತ್ತ ನಿಂತಿದ್ದಳು. ಸುತ್ತ ಮಕ್ಕಳು ಚೀರುತ್ತಿದ್ದರು, ಬಸ್ಸಿನ ಡ್ರೈವರ್ ಗಡಿಯಾರ ನೋಡುತ್ತಿದ್ದ. ನಾನು ನನ್ನ ಬ್ಯಾಗನ್ನು ಬಸ್ಸಿನಿಂದ ಈಚೆಗೆ ಸರಿಸಿದೆ. ಆಮೇಲೆ, "ಆತು. ಹೋಗಿ ಬಾ" ಎಂದೆ.

ಅವಳು ತನ್ನ ಬ್ಯಾಗು ತೆರೆದು ನೀಲಿ ಮೆಲೋಡಿಕಾ ಹೊರತೆಗೆದು ನನ್ನ ಕೈಗಿಟ್ಟಳು. "ಕೊನೀ ಸ್ವರ ನಿನಗ ಇನ್ನೂ ಸರಿ ಬರೂದಿಲ್ಲ. ಮಮ್ಮಾ ಊದಲಿ. ನೀ ಅಭ್ಯಾಸ ಮಾಡು" ಎಂದು ಹೇಳಿ ಹತ್ತಿದಳು. ಕಿಟಕಿಯಲ್ಲಿ ಮೀಲಾಳ ಪಕ್ಕ ಅವಳ ಮುಖ ಕಂಡಿತು, ನಮ್ಮ ಕಡೆ ಇರಲಿಲ್ಲ.

ಬಸ್ಸು ಹೋದ ಮೇಲೆ ನಾನು ಬ್ಯಾಗು, ಚಪಾತಿ, ಮೆಲೋಡಿಕಾ ಹಿಡಿದುಕೊಂಡು ರಸ್ತೆಯಲ್ಲಿ ನಿಂತಿದ್ದೆ. "ಬರ್ರಿ, ಚಾ ಕುಡಿಯೂಣು" ಎಂದು ಬಸವೇಶ್ವರಿ ತೋಳು ಹಿಡಿದಳು. ಬಹಳ ಹೆದರಿಕೆಯಾಗಿದೆ. ಇಲ್ಲಿ ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ, ಹಾಗಾಗಿ ಬರೆಯುತ್ತೇನೆ: ಬಹಳ ಹೆದರಿಕೆಯಾಗಿದೆ.


ಜುಲೈ ೮

ಫೋನು ಬಂದಿಲ್ಲ. ನಾನೂ ಮಾಡಿಲ್ಲ.

ಸಂಜೆ ಬಸವೇಶ್ವರಿ ಊದಿದಳು, ನಾನು ನುಡಿಸಿದೆ. ಅವಳಿಗೆ ಊದುತ್ತ ಊದುತ್ತ ನಗು ಬಂದು ಸ್ವರವೆಲ್ಲ ನಡುಗಿತು. ನಾವಿಬ್ಬರೇ ಹೀಗೆ ಕೂತು ಎಷ್ಟು ಕಾಲವಾಗಿತ್ತೋ. ಕೊನೆಯ ಉದ್ದ ಸ್ವರಕ್ಕೆ ನಾನು ಪ್ರತಿ ಸಲ ಬೆರಳು ಬೇಗ ಎತ್ತಿಬಿಡುತ್ತೇನೆ. "ಏನ ಅವಸರ ನಿಮಗ? ನನ್ನ ಉಸರ ಇನ್ನೂ ಐತಿ" ಎಂದಳು. ಕೊನೆಗೊಮ್ಮೆ ಸರಿ ಬಂತು.


ಜುಲೈ ೯, ಬುಧವಾರ

ಬಸ್ಸು ಬಂತು. ಪವಿ ಇಳಿದಳು. ಮೊಣಕಾಲಿಗೆ ಬ್ಯಾಂಡೇಜು, ಒಂದು ಕಾಲುಚೀಲ ಇವಳದು, ಇನ್ನೊಂದು ಮೀಲಾಳದು.

ಫ್ರಾವ್ ಬ್ರೈಟ್‌ನರ್ ದಣಿದಿದ್ದರು. ಮಂಗಳವಾರ ಊಟದ ಹೊತ್ತಿಗೆ ಗದ್ದಲವಾಗಿ ಪವಿ ಚಮಚ ಎಸೆದು ಹೊರಗೆ ಹೋದಳು, ತಾವು ಬಾಗಿಲಿನವರೆಗೆ ಹೋಗಿ ಅಲ್ಲೇ ನಿಂತಿದ್ದಾಗ ಅವಳು ಮೆಟ್ಟಿಲ ಮೇಲೆ ಒಬ್ಬಳೇ ಕೂತು ಏನೋ ಒಂದು ರಾಗ ಗುನುಗಿಕೊಂಡು ತಾನಾಗಿ ಒಳಗೆ ಬಂದಳು, ಚಮಚವನ್ನೂ ಎತ್ತಿಟ್ಟಳು ಎಂದರು. ಮುಂದಿನ ವರ್ಷವೂ ಅವಳು ತಮ್ಮ ಜೊತೆ ಬರುತ್ತಾಳೆ ಎಂದರು. ಬಸವೇಶ್ವರಿ ಅವರ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ನಾನು ಕಾರಿನ ಡಿಕ್ಕಿ ತೆರೆದು ಬ್ಯಾಗು ಇಡುತ್ತಿದ್ದೆ. ಪವಿ ಬಂದು ಪಕ್ಕ ನಿಂತಳು.

"ಪಪ್ಪಾ, ನಿನ್ನ ಟಾರ್ಚ್."

"ಏನಾತು?"

"ಹಳ್ಳದಾಗ ಬಿತ್ತು. ಹುಡಕಿದ್ವಿ. ಸಿಗಲಿಲ್ಲ."

ಅಪ್ಪ ಕೊಡಿಸಿದ ಟಾರ್ಚು. ಬಹಳ ಬೇಜಾರಾಯಿತು, ಸುಳ್ಳೇಕೆ ಹೇಳಲಿ. ಆದರೆ ಹಳ್ಳದಲ್ಲಿ ಬಿದ್ದದ್ದು ಬಿತ್ತು. "ಹೋಗ್ಲಿ ಬಿಡವ್ವ. ನೀ ಬೀಳಲಿಲ್ಲಲ್ಲ?" ಎಂದೆ.

ಅವಳು ನನ್ನ ಶರ್ಟನ್ನೇ ನೋಡುತ್ತ ನಿಂತಳು, ಒಂದಿಷ್ಟು ಹೊತ್ತು. ಆಮೇಲೆ ಮುಖ ತುಂಬ ನಕ್ಕು, ಕಾರಿಗೆ ಹತ್ತಿ, ಮನೆ ಮುಟ್ಟುವವರೆಗೆ ಹಳ್ಳದ ಕತೆ, ಮೀಲಾಳ ಗೊರಕೆಯ ಕತೆ, ಮೇಲಿನ ಮಂಚದಿಂದ ಕಾಣುವ ಚಂದ್ರನ ಕತೆ ಎಲ್ಲ ಹೇಳಿದಳು.

ಗುಂಡಿ ನೋಡಿದಳು, ಓಡಲಿಲ್ಲ. ಮನೆಗೆ ಬಂದು ಕನ್ನಡಿಯ ಮುಂದೆ ನಿಂತು ನಾನೂ ನೋಡಿಕೊಂಡೆ, ಮೇಲೆ ಕೆಳಗೆ ಹೋಗುತ್ತಲೇ ಇದೆ. ಎರಡನೆಯ ಗುಂಡಿ ಸ್ವಲ್ಪ ಸಡಿಲವಾದಂತಿದೆ. ನಾಳೆ ಹೊಲಿದುಕೊಳ್ಳಬೇಕು.